ಗೇಟ್‌ವೇ ಕೊಟ್ಟ ಅಂಕಿಯ ವಯಸ್ಸು ಕೇಳು



ಮೀಟರುಗಳ ಅಳತೆ ಒಯ್ದುಕೊಡುವ ಗೇಟ್‌ವೇ ಒಳಗಿನ ಡೇಟಾ ಓದುವ ಕೆಲಸ ಅರ್ಧ ದಿನದಲ್ಲಿ ಮುಗಿಯಿತು, ಮ್ಯಾನುಯಲ್ ತೆರೆಯುವ ಪ್ರಮೇಯವೇ ಬರಲಿಲ್ಲ ಎಂದು ಬರೆದಿದ್ದೀಯ. ಮೆಚ್ಚಬೇಕೋ ಬೈಯಬೇಕೋ ತಿಳಿಯಲಿಲ್ಲ. ಸಿದ್ಧ ಲೈಬ್ರರಿ ಹಾಕಿ ಬೇಗ ಮುಗಿಸುವುದೂ ಒಂದು ದಾರಿ, ರಿಜಿಸ್ಟರ್ ಪಟ್ಟಿ ಮುಂದಿಟ್ಟುಕೊಂಡು ನಿಧಾನವಾಗಿ ಹೋಗುವುದೂ ಒಂದು ದಾರಿ. ಎರಡಕ್ಕೂ ಅದರದರ ಜಾಗ ಇದೆ, ಒಪ್ಪುತ್ತೇನೆ. ಆದರೆ ನಿನ್ನ ಪರದೆಯ ಮೇಲೆ ಬಂದದ್ದು ಅಳತೆಯಲ್ಲ, ಅಳತೆಯ ನೆನಪು. ಪಟ್ಟಿ ನೋಡದವನಿಗೆ ಈ ವ್ಯತ್ಯಾಸ ಹೊಳೆಯುವುದೇ ಇಲ್ಲ.

ನಿನ್ನ ಗೇಟ್‌ವೇ ಮಾತಾಡುವ ಮಾಡ್‌ಬಸ್ ಭಾಷೆ ಬಂದದ್ದು 1979ರಲ್ಲಿ, ಮಾಡಿಕಾನ್ ಕಂಪನಿಯ ಪಿಎಲ್‌ಸಿ ಕಂಟ್ರೋಲರುಗಳಿಗಾಗಿ. ಮೆಮೊರಿ ದುಬಾರಿಯಾಗಿದ್ದ ಕಾಲ ಅದು. ಒಂದು ರಿಜಿಸ್ಟರ್ ಎಂದರೆ 16 ಬಿಟ್, ಅಷ್ಟೇ. ಅದರಲ್ಲಿರುವುದು ಉಷ್ಣಾಂಶವೋ ಒತ್ತಡವೋ, ಪೂರ್ಣಾಂಕವೋ ದಶಮಾಂಶವೋ, ಈಗಿನದೋ ಆಗಿನದೋ, ಯಾವುದನ್ನೂ ಸಂದೇಶ ಹೇಳುವುದಿಲ್ಲ. ಅದನ್ನು ಹೇಳುವುದು ಕಾಗದದ ಪಟ್ಟಿಯ ಕೆಲಸ. ಪಟ್ಟಿಯಲ್ಲಿ 40001 ಎಂದಿದ್ದರೆ ಮೊದಲಿನ 4 ವಿಳಾಸವಲ್ಲ, ಹೋಲ್ಡಿಂಗ್ ರಿಜಿಸ್ಟರುಗಳ ಓಣಿಯ ಗುರುತು. ತಂತಿಯ ಮೇಲೆ ಹೋಗುವ ವಿಳಾಸ ಸೊನ್ನೆ. 25 ಡಿಗ್ರಿಯನ್ನು 32 ಬಿಟ್ ಫ್ಲೋಟ್ ಆಗಿ ಇಟ್ಟರೆ ಅದಕ್ಕೆ ಎರಡು ರಿಜಿಸ್ಟರ್ ಬೇಕು: ಒಂದರಲ್ಲಿ 16840, ಇನ್ನೊಂದರಲ್ಲಿ 0. ಒಂದನ್ನೇ ಓದಿದವನಿಗೆ 16840 ಕಾಣುತ್ತದೆ. ಎರಡನ್ನೂ ಅದಲುಬದಲಾಗಿ ಜೋಡಿಸಿದವನ ಪರದೆಯಲ್ಲಿ 0.00 ಬರುತ್ತದೆ; ಅವನು ಏನೂ ಆಗದ ಸೆನ್ಸರನ್ನು ಬಿಚ್ಚಲು ಸ್ಪಾನರ್ ಹುಡುಕುತ್ತಾನೆ. ಎರಡೂ ಸಲ ಸಂದೇಶದ ದೋಷ ಪರೀಕ್ಷಿಸುವ ಸಿಆರ್‌ಸಿ ಸರಿಯಾಗಿಯೇ ಇರುತ್ತದೆ, ಎರರ್ ಬರುವುದೇ ಇಲ್ಲ.

ನನ್ನ ಅಂಕಿ ಸರಿಯಾಗಿದೆ, ಸೆಕೆಂಡಿಗೊಮ್ಮೆ ಬರುತ್ತಿದೆ ಎನ್ನುತ್ತೀಯ. ಲೆಕ್ಕ ಹಾಕು. ಒಂದು ಸಲಕ್ಕೆ ಹೆಚ್ಚೆಂದರೆ 125 ರಿಜಿಸ್ಟರ್ ಓದಬಹುದು. ಉತ್ತರ 255 ಬೈಟ್. ಸೀರಿಯಲ್ ಲೈನಿನಲ್ಲಿ ಬೈಟಿಗೆ 11 ಬಿಟ್, 9600 ಬಾಡ್ ವೇಗ. ಒಂದು ಉತ್ತರಕ್ಕೇ ಸುಮಾರು 0.29 ಸೆಕೆಂಡ್. ಗೇಟ್‌ವೇ ಅಂಥ ಹತ್ತು ಮೀಟರುಗಳನ್ನು ಸುತ್ತಿ ಬರುವಷ್ಟರಲ್ಲಿ ಮೂರು ಸೆಕೆಂಡ್ ದಾಟುತ್ತದೆ. ಓದಿದ್ದನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಗೇಟ್‌ವೇ ಮಾತ್ರ ಈಥರ್ನೆಟ್ ಕಡೆಯಿಂದ ಕೇಳಿದ ತಕ್ಷಣ ಉತ್ತರಿಸುತ್ತದೆ. ನೀನು ಹೊಸದೆಂದು ದಾಖಲಿಸಿದ ಮೂರು ಅಂಕಿಯೂ ಒಂದೇ ಅಂಕಿ. ಮೀಟರಿನ ತಂತಿಯೇ ಕಡಿದುಹೋದರೆ? ಕೆಲವು ಗೇಟ್‌ವೇ ಸೊನ್ನೆ ಕೊಡುತ್ತವೆ, ಕೆಲವು ಕೊನೆಯ ಅಂಕಿಯನ್ನೇ ಹಿಡಿದು ಕೂರುತ್ತವೆ. ಯಾವುದು ಬೇಕೆಂದು ಸೆಟ್ಟಿಂಗ್‌ನಲ್ಲಿ ಆರಿಸುವ ಅವಕಾಶವೂ ಹಲವು ಪೆಟ್ಟಿಗೆಗಳಲ್ಲಿದೆ. ಆ ಪುಟವನ್ನು ನೀನು ತೆರೆದೇ ಇಲ್ಲ.

ಓದಿ ನೋಡಿದರೆ ಏನು ನಷ್ಟ, ತಪ್ಪಾದರೆ ತಿದ್ದಿದರಾಯಿತು ಎಂಬ ಉಡಾಫೆ ನನಗೆ ಸೇರುವುದಿಲ್ಲ. ಓದುವ ಸಂಕೇತ 03, ಬರೆಯುವ ಸಂಕೇತ 06. ಎರಡರ ನಡುವಿನ ವ್ಯತ್ಯಾಸ ಒಂದೇ ಅಂಕಿಯದು. 502ನೇ ಪೋರ್ಟಿನ ಸಾದಾ ಮಾಡ್‌ಬಸ್ ಪಾಸ್‌ವರ್ಡ್ ಕೇಳುವುದಿಲ್ಲ, ಬಂದವನು ಒಳ್ಳೆಯವನೋ ಕೆಟ್ಟವನೋ ವಿಚಾರಿಸುವುದಿಲ್ಲ. 2024ರ ಜನವರಿಯಲ್ಲಿ ಉಕ್ರೇನಿನ ಲ್ವಿವ್ ನಗರದಲ್ಲಿ ದಾಳಿಕೋರರು ಮಾಡ್‌ಬಸ್ ಆಜ್ಞೆಗಳನ್ನೇ ಕಳಿಸಿ, 600ಕ್ಕೂ ಹೆಚ್ಚು ವಸತಿ ಕಟ್ಟಡಗಳನ್ನು ಕೊರೆಯುವ ಚಳಿಯಲ್ಲಿ ಬಿಸಿಯಿಲ್ಲದೆ ಕೂರಿಸಿದರು. ಅವರದು ದುರುದ್ದೇಶ, ನಿನ್ನದು ಅವಸರ. ಕಂಟ್ರೋಲರಿಗೆ ಎರಡೂ ಒಂದೇ.

ತುಸು ಬಿರುಸಾಯಿತೇನೋ. ನಿನ್ನ ಚುರುಕುತನ ನನಗೆ ಗೊತ್ತು, ಅದರ ಮೇಲೆ ಸಿಟ್ಟಿಲ್ಲ. ಲೈಬ್ರರಿಯನ್ನೂ ಬಿಡಬೇಡ, ಒಂದು ಸಂಜೆ ಪಟ್ಟಿಯ ಜೊತೆ ಕೂತು ಜೋಡಿ ರಿಜಿಸ್ಟರುಗಳ ವರ್ಡ್ ಆರ್ಡರ್ ಗುರುತುಮಾಡಿಕೋ, ಪ್ರತಿ ಮೀಟರಿನ ಸ್ಟೇಟಸ್ ಓದುವ ಎರಡು ಸಾಲು ಸೇರಿಸು. ಆಮೇಲೆ ಟೆಸ್ಟ್ ಬೆಂಚಿನ ಮೇಲೆ ಒಂದು ಮೀಟರಿನ ತಂತಿ ಬಿಚ್ಚಿ, ಚಹಾ ಕುಡಿದು ಬಂದು ಪರದೆ ನೋಡು. ಅಂಕಿ ಇದ್ದಲ್ಲೇ ಇದ್ದರೆ ನನಗೆ ಮತ್ತೆ ಕಾಗದ ಬರೆಯುವ ಕೆಲಸ ಇರುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ