ಹೊಟ್ಟೆಯ ನೀರಿಗೆ ಸೋಂಕು

ಬಲಗಡೆ ಪಕ್ಕೆಲುಬಿನ ಕೆಳಗೆ ಲಿವರ್ ಇದೆ. ಇದಕ್ಕೆ ಪಿತ್ತಜನಕಾಂಗ ಅಂತಲೂ ಹೆಸರು. ಇದು ರಕ್ತದಲ್ಲಿನ ವಿಷ ತೆಗೆಯುತ್ತದೆ.

ಲಿವರ್ ಯಾಕೆ ಕೆಡುತ್ತದೆ? ಬಹಳ ವರ್ಷ ಸೆರೆ ಕುಡಿದರೆ ಕೆಡುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ಕುಡಿಯೋದು ನಿಲ್ಲಲಿಲ್ಲ. ಆದರೆ ಕುಡಿಯದವರಿಗೂ ಈ ರೋಗ ಬರುತ್ತದೆ. ಹೆಪಟೈಟಿಸ್ ಬಿ, ಸಿ ಎಂಬ ಕಾಮಾಲೆ ರೋಗಾಣುಗಳಿಂದ ಬರುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರಿಗೂ ಬರಬಹುದು. ಅದಕ್ಕೇ ರೋಗಿಯನ್ನು ಜರಿಯೋದು ಬ್ಯಾಡ.

ಲಿವರ್ ಗಟ್ಟಿಯಾದರೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಹೊಟ್ಟೆ ಉಬ್ಬುತ್ತದೆ. ಕಾಲು ಬಾತುಕೊಳ್ಳುತ್ತವೆ. ಇದೇ ಜಲೋದರ.

ನಮ್ಮ ಕರುಳಿನಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಇರುತ್ತವೆ. ಲಿವರ್ ಕೆಟ್ಟವರಿಗೆ ಅವನ್ನು ತಡೆಯುವ ಶಕ್ತಿ ಕಡಿಮೆ. ಅವು ಕರುಳು ದಾಟಿ ಹೊಟ್ಟೆಯ ನೀರು ಸೇರುತ್ತವೆ. ಅಲ್ಲಿ ಬೆಳೆಯುತ್ತವೆ. ಆಗ ಆ ನೀರಿಗೆ ಸೋಂಕು ತಗಲುತ್ತದೆ.

ಇದರ ಗುರುತುಗಳು ಯಾವುವು? ಜ್ವರ, ಹೊಟ್ಟೆನೋವು, ವಾಂತಿ, ಭೇದಿ. ಮೂತ್ರ ಕಡಿಮೆ ಆಗುತ್ತದೆ. ಕೆಲವರು ಏನೇನೋ ಮಾತಾಡುತ್ತಾರೆ. ಹಗಲೆಲ್ಲ ಮಂಪರಿನಲ್ಲಿ ಇರುತ್ತಾರೆ. ‘ಗಾಳಿ ಸೋಕ್ಯಾದ’ ಅಂತ ತಿಳಿಯಬಾರದು. ಕೆಲವರಿಗೆ ಜ್ವರ, ನೋವು ಎರಡೂ ಇರೋದಿಲ್ಲ.

ನಾವು ಏನು ಮಾಡಬೇಕು? ಅವತ್ತೇ ದವಾಖಾನೆಗೆ ಕರೆದೊಯ್ಯಬೇಕು. ಶಹಾಪುರ, ಸುರಪುರದಲ್ಲಿ ತಾಲೂಕು ಆಸ್ಪತ್ರೆ ಇದೆ. ಯಾದಗಿರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ. 108ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ. ದುಡ್ಡು ಕೊಡಬೇಕಿಲ್ಲ.

ಡಾಕ್ಟರು ಸೂಜಿಯಿಂದ ಹೊಟ್ಟೆಯ ನೀರು ಸ್ವಲ್ಪ ತೆಗೆಯುತ್ತಾರೆ. ‘ನೀರು ತೆಗೆದರೆ ಜೀವ ಹೋಗ್ತದ’ ಅಂತ ನಾವು ಅಂಜುತ್ತೇವೆ. ಅಂಜಬಾರದು. ಆ ನೀರು ಪರೀಕ್ಷೆ ಮಾಡಿದರೇನೇ ಸೋಂಕು ಗೊತ್ತಾಗೋದು. ಆಮೇಲೆ ಸಾಮಾನ್ಯವಾಗಿ 5 ದಿನ ಅಥವಾ ಹೆಚ್ಚು ದಿನ ಇಂಜೆಕ್ಷನ್ ಕೊಡುತ್ತಾರೆ. ನಡುವೆ ಬಿಟ್ಟು ಬರಬಾರದು. ತಡ ಮಾಡಿದರೆ ಮೂತ್ರಪಿಂಡ ಕೆಡುತ್ತದೆ. ಜೀವಕ್ಕೇ ಅಪಾಯ.

ಹೊಟ್ಟೆಗೆ ಬರೆ ಹಾಕಿಸಬಾರದು. ಬರೆಯಿಂದ ನೀರು ಇಳಿಯೋದಿಲ್ಲ. ಅಂಗಡಿಯಿಂದ ನೋವಿನ ಗುಳಿಗೆ ತಂದು ಕೊಡಬಾರದು. ಸೆರೆ ಪೂರ್ತಿ ಬಿಡಿಸಬೇಕು. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಬೇಕು. ಆದರೆ ಉಪವಾಸ ಕೆಡವಬಾರದು. ಜೋಳದ ರೊಟ್ಟಿ, ಬ್ಯಾಳಿ, ತತ್ತಿ ಕೊಡಬೇಕು.

ಒಮ್ಮೆ ಗುಣವಾದರೂ ಸೋಂಕು ಮತ್ತೆ ಬರಬಹುದು. ಡಾಕ್ಟರು ಬರೆದ ಗುಳಿಗೆ ನಿಲ್ಲಿಸಬಾರದು. ಈಗ ನಮಗೆ ಓದಲು ಬರುತ್ತದೆ. ಚೀಟಿಯಲ್ಲಿನ ತಾರೀಖು ನಾವೇ ಓದೋಣ. ಆ ದಿನ ತಪ್ಪದೆ ಹೋಗೋಣ.

ಕೂಸು ಹುಟ್ಟಿದ 24 ತಾಸಿನೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸೋಣ. ಇದು ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ.

ಓದಿ ಉತ್ತರ ಹೇಳಿರಿ:
1. ಕುಡಿಯದವರಿಗೂ ಲಿವರ್ ರೋಗ ಹೇಗೆ ಬರುತ್ತದೆ?
2. ಹೊಟ್ಟೆಯ ನೀರನ್ನು ಯಾಕೆ ಪರೀಕ್ಷೆ ಮಾಡಬೇಕು?
3. ಯಾವ ಗುರುತು ಕಂಡರೆ ಅವತ್ತೇ ದವಾಖಾನೆಗೆ ಹೋಗಬೇಕು?