ಮರುಭೂಮಿಗೆ ಹಣ ಕಳುಹಿಸುವ ಮುನ್ನ

ಮೊರೊಕ್ಕೊದ ಆಗ್ನೇಯ ಅಂಚಿನ ಮೆರ್ಜೂಗಾ, ಝಗೋರಾ ಸುತ್ತಲಿನ ಬೆದೂಯಿನ್ ಮತ್ತು ಬರ್ಬರ್ ಕುಟುಂಬಗಳಿಗಾಗಿ ನಿಧಿ ಸಂಗ್ರಹಿಸಲು ಹೊರಡುವವರು, ಬೆದೂಯಿನ್ ಎಂದರೆ ಅರಬ್ಬೀ ಮೂಲದ ಅಲೆಮಾರಿ ಪಶುಪಾಲಕರೆಂದೂ, ಬರ್ಬರ್ ಎಂಬುದು ಹೊರಗಿನವರು ಇಟ್ಟ ಹೆಸರಾಗಿದ್ದು ಆ ಜನ ತಮ್ಮನ್ನು ಅಮಾಜಿಗ್ ಎಂದು ಕರೆದುಕೊಳ್ಳುತ್ತಾರೆಂದೂ ಮೊದಲು ಅರಿತಿರುವುದು ಒಳಿತು. ಮನವಿಪತ್ರದಲ್ಲಿ ಹೆಸರೇ ತಪ್ಪಿದರೆ ಉಳಿದದ್ದನ್ನು ಯಾರು ನಂಬಿಯಾರು?

ಬರಗಾಲದಲ್ಲಿ ಆಡು, ಒಂಟೆಗಳು ಸತ್ತರೆ ಈ ಕುಟುಂಬಗಳ ಬಂಡವಾಳವೇ ಕರಗುವುದರಿಂದ, ಹಳೆಯ ಬಟ್ಟೆಯ ಮೂಟೆಗಳಿಗಿಂತ ಮೇವು, ಪಶುವೈದ್ಯರ ನೆರವು ಮತ್ತು ನೀರಿಗೆ ಹಣ ಸಲ್ಲುವುದು ಮೇಲು. ಅಲ್ಲಿನ ಖೆತ್ತಾರಾ, ಅಂದರೆ ಅಂತರ್ಜಲವನ್ನು ಯಂತ್ರವಿಲ್ಲದೆ ಕೇವಲ ಇಳಿಜಾರಿನ ಬಲದಿಂದ ಓಯಸಿಸ್‌ಗೆ ಹರಿಸುವ ನೆಲದಡಿಯ ಕಾಲುವೆ, ಹೂಳು ತುಂಬಿ ಸೊರಗುವುದುಂಟು; ಆ ಹೂಳೆತ್ತಲು ಸ್ಥಳೀಯರಿಗೇ ಕೂಲಿ ಕೊಟ್ಟರೆ ನೀರೂ ದುಡಿಮೆಯೂ ಒಟ್ಟಿಗೆ ಒದಗುತ್ತವೆ, ಆದರೆ ಪಂಪುಸೆಟ್ಟುಗಳಿಂದ ಅಂತರ್ಜಲವೇ ಕುಸಿದಿರುವಲ್ಲಿ ಈ ದುರಸ್ತಿ ವ್ಯರ್ಥ. ಅದೇ ದೇಶದ ನೈಋತ್ಯದಲ್ಲಿ, ಸಿದಿ ಇಫ್ನಿಯ ಬಳಿ, ದಾರ್ ಸಿ ಹ್ಮಾದ್ ಸಂಸ್ಥೆಯು ಮಂಜನ್ನು ಬಲೆಗಳಲ್ಲಿ ಹಿಡಿದು ಅಮಾಜಿಗ್ ಹಳ್ಳಿಗಳಿಗೆ ಕೊಳಾಯಿ ನೀರು ಕೊಟ್ಟು, 2016ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿ ಪಡೆದದ್ದು ಗಮನಾರ್ಹ.

ಭಾರತದಿಂದ ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟ ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ದೊರೆಯದೆಂಬುದನ್ನು ದಾನಿಗಳಿಗೆ ಮುಂಚೆಯೇ ತಿಳಿಸತಕ್ಕದ್ದು.