ಕುವೈತಿಗೆ ಹೋದವರ ಇಕಾಮಾ ಮತ್ತು ಮನೆ ವಿಳಾಸ



ಚಿಕ್ಕಪಡಸಲಗಿಯಲ್ಲಿ ರೈತರೇ ರೊಕ್ಕ ಕೂಡಿಸಿ ಬ್ಯಾರೇಜ್ ಕಟ್ಟಿಕೊಂಡ ಮೇಲೆ ನೀರು ಬಂತು, ಕಬ್ಬು ಬಂತು. ಹೊಲ ಇಲ್ಲದವರಿಗೆ ಮಾತ್ರ ಕೂಲಿಯೇ ಗತಿ. ಅಂಥ ಮನೆಯ ತಾಯಿ ಒಂದು ದಿನ ಸಭೆಯಲ್ಲಿ, ‘ಮಗಳು ಕುವೈತಿಗೆ ಮನಿಕೆಲಸಕ್ಕ ಹೊಂಟಾಳ್ರೀ, ಏಜೆಂಟಗ ಕೊಡಾಕ ಸಾಲ ಬೇಕು’ ಎಂದು ಕೇಳಬಹುದು. ಆಗ ಸದಸ್ಯರು ಮೊದಲು ಕೇಳಬೇಕಾದ ಪ್ರಶ್ನೆ: ಯಾವ ವೀಸಾ?

‘ಸದ್ಯ ವಿಸಿಟ್ ವೀಸಾದ ಮ್ಯಾಲೆ ಹೋಗಲಿ, ಅಲ್ಲಿ ಬದಲು ಮಾಡಸ್ತೀನಿ’ ಎಂದು ಏಜೆಂಟ ಹೇಳಿದರೆ ಸಾಲ ಕೊಡಬೇಡಿರಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಹತ್ತನೇ ತರಗತಿ ಪಾಸಾಗದವರಿಗೆ ಕುವೈತಿನಲ್ಲಿ ಕೆಲಸ ಮಾಡಲು ಭಾರತ ಸರ್ಕಾರದ ವಲಸೆ ಅನುಮತಿ ಬೇಕು. ಅಂಥ ಹೆಣ್ಣುಮಗಳಿಗೆ 30 ವರ್ಷ ತುಂಬಿರಬೇಕು. ಏಜೆಂಟನಿಗೆ 1983ರ ವಲಸೆ ಕಾಯ್ದೆಯ ಪ್ರಕಾರ ಲೈಸೆನ್ಸ್ ಇರಬೇಕು. ಅವನು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ತೆರಿಗೆ, ಅದೂ ರಸೀದಿ ಕೊಟ್ಟು.

ಅಲ್ಲಿ ಇಳಿದ ಮೇಲೆ ಬೇಕಾದದ್ದು ‘ಇಕಾಮಾ’, ಅಂದರೆ ಆ ದೇಶದಲ್ಲಿ ಇರಲು ಅನುಮತಿ. ಇದಕ್ಕೆ ಮುಗಿಯುವ ತಾರೀಖು ಇರುತ್ತದೆ. ನವೀಕರಣ ಮಾಡಿಸುವವರು ಕೆಲಸ ಕೊಟ್ಟ ಮಾಲೀಕರು, ತಪ್ಪಿದರೆ ಸಿಕ್ಕಿಬೀಳುವವಳು ನಮ್ಮ ಮಗಳು! ಆದ್ದರಿಂದ ಆ ತಾರೀಖು ಊರಲ್ಲಿರುವ ತಾಯಿಗೂ ಗೊತ್ತಿರಲಿ. ಎರಡು ಮೂರು ತಿಂಗಳು ಮೊದಲೇ ಫೋನಿನಲ್ಲಿ ನೆನಪು ಮಾಡಿರಿ. ಪಾಸ್‌ಪೋರ್ಟ್ ಅವಧಿ ಮುಗಿಯುತ್ತಿದ್ದರೆ ಇಕಾಮಾ ಮುಂದುವರಿಯುವುದಿಲ್ಲ, ಮೊದಲು ಅದನ್ನು ಮಾಡಿಸಬೇಕು. ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಂಡಿದ್ದಾರೆಯೇ ಎಂದೂ ಕೇಳಿರಿ. ಅವಳ ಒಪ್ಪಿಗೆ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ ಎಂದು ಕುವೈತಿನ 2015ರ ಮನೆಕೆಲಸದವರ ಕಾನೂನೇ ಹೇಳುತ್ತದೆ.

2024ರಲ್ಲಿ ಕುವೈತ್ ಸರ್ಕಾರ ಇಕಾಮಾ ಇಲ್ಲದವರಿಗೆ ದಂಡವಿಲ್ಲದೆ ಊರಿಗೆ ಮರಳಲು ಮಾರ್ಚ್ 17ರಿಂದ ಜೂನ್ 30ರವರೆಗೆ ಅವಕಾಶ ಕೊಟ್ಟಿತ್ತು. ಅಂಥ ಮಾಫಿ ಪ್ರತಿ ವರ್ಷ ಬರುವುದಿಲ್ಲ.

ಇನ್ನು ಮನೆ ವಿಳಾಸ. ಅಲ್ಲಿನ ‘ಸಿವಿಲ್ ಐಡಿ’ ಕಾರ್ಡು ನಮ್ಮ ಆಧಾರ್ ಇದ್ದಂತೆ. ಗಂಡಸರು ಐದಾರು ಮಂದಿ ಕೂಡಿ ರೂಮು ಬಾಡಿಗೆ ಹಿಡಿಯುತ್ತಾರೆ, ಅಗ್ಗದ ರೂಮು ಸಿಕ್ಕರೆ ಬದಲಿಸುತ್ತಾರೆ, ಕಾರ್ಡಿನಲ್ಲಿ ಹಳೆಯ ವಿಳಾಸವೇ ಉಳಿಯುತ್ತದೆ. ಮನೆ ಬದಲಿಸಿದ 30 ದಿನದೊಳಗೆ ಬಾಡಿಗೆ ಕರಾರು ಪತ್ರ ತೋರಿಸಿ ಹೊಸ ವಿಳಾಸ ನೋಂದಾಯಿಸಬೇಕು, ಇಲ್ಲದಿದ್ದರೆ 100 ದಿನಾರ್‌ವರೆಗೆ ದಂಡ. ಮಾಲೀಕರ ಮನೆಯಲ್ಲೇ ಇರುವ ಹೆಣ್ಣುಮಕ್ಕಳಿಗೆ ಆ ಮನೆಯೇ ವಿಳಾಸ.

ದಂಡಕ್ಕಿಂತ ದೊಡ್ಡ ಮಾತು ಬೇರೆ ಇದೆ. 2024ರ ಜೂನ್ 12ರ ಬೆಳಗಿನ ಜಾವ ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಮಂದಿ ಭಾರತೀಯರು ಸತ್ತರು. ಅವರಲ್ಲಿ ಒಬ್ಬರು ನಮ್ಮ ಕಲಬುರಗಿ ಜಿಲ್ಲೆಯವರು. ಅಂಥ ಸುದ್ದಿ ಟಿವಿಯಲ್ಲಿ ಬಂದಾಗ ‘ನನ್ನ ಮಗ ಯಾವ ಬಿಲ್ಡಿಂಗಿನ್ಯಾಗ ಅದಾನೋ’ ಎಂದು ತಾಯಿ ಹುಡುಕಾಡಬಾರದು.

ಪಾಸ್‌ಪೋರ್ಟ್, ವೀಸಾ, ಸಿವಿಲ್ ಐಡಿ, ಕೆಲಸದ ಕರಾರು, ಇವುಗಳ ಜೆರಾಕ್ಸ್ ಪಾಸ್‌ಬುಕ್ ಜೊತೆ ಟ್ರಂಕಿನಲ್ಲಿರಲಿ. ಇರುವ ಮನೆಯ ಬ್ಲಾಕ್, ರಸ್ತೆ, ಕಟ್ಟಡದ ನಂಬರನ್ನು ಹಾಳೆಯ ಹಿಂದೆ ಬರೆದಿಡಿರಿ. ಓದಲು ಬಾರದವರಿಗೆ ಸಂಘದ ಕಾರ್ಯದರ್ಶಿ ಬರೆದುಕೊಡಲಿ. ತೊಂದರೆಯಾದರೆ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಊರಿನಿಂದಲೇ 1800 11 3090 ನಂಬರಿಗೆ ಪುಕ್ಕಟೆ ಫೋನ್ ಮಾಡಬಹುದು. ಫೋನ್ ಮಾಡುವಾಗ ಆ ಹಾಳೆ ಕೈಯಲ್ಲಿರಲಿ. ಅವರು ಮೊದಲು ಕೇಳುವುದೇ ಪಾಸ್‌ಪೋರ್ಟ್ ನಂಬರು.